3584 ಕೋರ್‌ಗಳ ಎರಡು ಕಾರ್ಡ್‌ಗಳು

ಕಂಪ್ಯೂಟರ್ ಪರದೆಯ ಮೇಲೆ ಮೂಡುವ ಚಿತ್ರ ಲಕ್ಷಾಂತರ ಬಣ್ಣದ ಬಿಂದುಗಳಿಂದ ಕೂಡಿದ್ದು, ಈ ಬಿಂದುಗಳಿಗೆ ಪಿಕ್ಸೆಲ್ ಎಂದು ಹೆಸರು. ಇಂದು ಸಾಮಾನ್ಯವಾಗಿರುವ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1920, ಲಂಬವಾಗಿ 1080, ಒಟ್ಟು 20,73,600 ಪಿಕ್ಸೆಲ್‌ಗಳಿರುತ್ತವೆ. ಗೇಮ್ ಆಡುವಾಗ ಚಲನೆ ನಯವಾಗಿ ಕಾಣಬೇಕಾದರೆ ಇಡೀ ಚಿತ್ರವನ್ನು ಸೆಕೆಂಡಿಗೆ ಸುಮಾರು 60 ಬಾರಿ ಹೊಸದಾಗಿ ಬರೆಯಬೇಕಾಗುವುದರಿಂದ, ಪ್ರತಿ ಸೆಕೆಂಡಿಗೆ ಹನ್ನೆರಡು ಕೋಟಿಗೂ ಮಿಕ್ಕಿದ ಪಿಕ್ಸೆಲ್‌ಗಳ ಬಣ್ಣವನ್ನು ನಿರ್ಧರಿಸುವ ಹೊರೆ ಯಂತ್ರದ ಮೇಲೆ ಬೀಳುತ್ತದೆ. ಒಂದು ಪಿಕ್ಸೆಲ್‌ನ ಲೆಕ್ಕ ಪಕ್ಕದ ಪಿಕ್ಸೆಲ್‌ನ ಉತ್ತರಕ್ಕಾಗಿ ಬಹುಮಟ್ಟಿಗೆ ಕಾಯಬೇಕಿಲ್ಲವಾದ್ದರಿಂದ ಈ ಹೊರೆಯನ್ನು ಸಾವಿರಾರು ಸಣ್ಣ ಲೆಕ್ಕದ ಘಟಕಗಳಿಗೆ ಏಕಕಾಲಕ್ಕೆ ಹಂಚಿಬಿಡಬಹುದು. ಹಾಗೆ ಹಂಚಿಕೊಂಡು ದುಡಿಯುವ ಚಿಪ್‌ಗೆ ಜಿಪಿಯು ಎಂದೂ, ಆ ಚಿಪ್, ಅದರದೇ ಆದ ಮೆಮೊರಿ, ತಣಿಸುವ ಫ್ಯಾನ್ ಮತ್ತು ವಿದ್ಯುತ್ ವ್ಯವಸ್ಥೆ ಒಂದೇ ಹಲಗೆಯ ಮೇಲೆ ಕೂಡಿರುವ ಸಾಧನಕ್ಕೆ ಗ್ರಾಫಿಕ್ಸ್ ಕಾರ್ಡ್ ಎಂದೂ ಕರೆಯುತ್ತಾರೆ.

ಈ ಕಾರ್ಡ್‌ಗಳ ಹೊಸ ತಲೆಮಾರು ಸುಮಾರು ಎರಡು ವರ್ಷಕ್ಕೊಮ್ಮೆ ಮಾರುಕಟ್ಟೆಗೆ ಬರುತ್ತದೆ. ಎನ್ವಿಡಿಯಾ ಕಂಪನಿಯ ಹೆಸರಿಡುವ ಪದ್ಧತಿಯಲ್ಲಿ ಮೊದಲ ಅಂಕಿಗಳು ತಲೆಮಾರನ್ನು, ಕೊನೆಯ ಎರಡು ಅಂಕಿಗಳು ಆ ತಲೆಮಾರಿನೊಳಗಿನ ದರ್ಜೆಯನ್ನು ಸೂಚಿಸುವುದರಿಂದ, 1080 ಎಂದರೆ ಹತ್ತನೆಯ ಸರಣಿಯ ಮೇಲ್ದರ್ಜೆಯ ಕಾರ್ಡ್ ಎಂದೂ, 3060 ಎಂದರೆ ಮೂವತ್ತನೆಯ ಸರಣಿಯ ಮಧ್ಯಮ ದರ್ಜೆಯ ಕಾರ್ಡ್ ಎಂದೂ ಓದಿಕೊಳ್ಳಬೇಕು. ದೊಡ್ಡ ಸಂಖ್ಯೆಯ ಕಾರ್ಡ್ ಸಣ್ಣ ಸಂಖ್ಯೆಯದಕ್ಕಿಂತ ವೇಗವಾಗಿರಲೇಬೇಕೆಂಬ ನಿಯಮ ಇಲ್ಲಿಲ್ಲ. ಒಂದೇ ತಲೆಮಾರಿನ ಎರಡು ಕಾರ್ಡ್‌ಗಳನ್ನು ಅಳೆಯುವುದು ಸುಲಭ, ಏಕೆಂದರೆ ಅವುಗಳ ಒಳಗಿನ ರಚನೆ ಒಂದೇ, ಪ್ರಮಾಣ ಮಾತ್ರ ಬೇರೆ. ಹಳೆಯ ತಲೆಮಾರಿನ ಮೇಲ್ದರ್ಜೆಯ ಕಾರ್ಡನ್ನು ಹೊಸ ತಲೆಮಾರಿನ ಮಧ್ಯಮ ದರ್ಜೆಯದರೊಂದಿಗೆ ಹೋಲಿಸಹೊರಟಾಗ ಮಾತ್ರ ನಿಜವಾದ ತೊಡಕು ಎದುರಾಗುತ್ತದೆ, ಮತ್ತು ಹಣ ಎಣಿಸಿ ಖರ್ಚು ಮಾಡುವ ಬಹುತೇಕ ಬಳಕೆದಾರರ ಮುಂದೆ ಬರುವ ಪ್ರಶ್ನೆ ಅದೇ ಆಗಿರುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಎನ್ವಿಡಿಯಾದ ಎರಡು ಕಾರ್ಡ್‌ಗಳು ಪ್ರಯೋಗಶಾಲೆಗೆಂದೇ ತಯಾರಾದಷ್ಟು ಅಚ್ಚುಕಟ್ಟಾದ ಜೋಡಿಯಾಗಿ ಒದಗಿಬಂದಿವೆ. 2017ರ ಮಾರ್ಚ್‌ನಲ್ಲಿ ಬಂದ ಜಿಟಿಎಕ್ಸ್ 1080 ಟಿಐ ತನ್ನ ಕಾಲದ ಗೇಮಿಂಗ್ ಕಾರ್ಡ್‌ಗಳಲ್ಲಿ ಅತ್ಯಂತ ಶಕ್ತಿಶಾಲಿಗಳ ಸಾಲಿಗೆ ಸೇರಿದ್ದು, ಅಮೆರಿಕದಲ್ಲಿ ಅದರ ಘೋಷಿತ ಬೆಲೆ 699 ಡಾಲರ್. 2021ರ ಫೆಬ್ರುವರಿಯಲ್ಲಿ ಬಂದ ಆರ್‌ಟಿಎಕ್ಸ್ 3060 ಮಧ್ಯಮ ದರ್ಜೆಯದು, ಬೆಲೆ 329 ಡಾಲರ್. ನಾಲ್ಕು ವರ್ಷಗಳ ಅಂತರದ ಈ ಎರಡರಲ್ಲೂ ಲೆಕ್ಕ ಮಾಡುವ ಘಟಕಗಳ, ಅಂದರೆ ಕೋರ್‌ಗಳ, ಸಂಖ್ಯೆ ಸರಿಯಾಗಿ 3584. ಎರಡರಲ್ಲೂ ಆ ಕೋರ್‌ಗಳು 28 ಗುಂಪುಗಳಲ್ಲಿ, ಗುಂಪಿಗೆ 128ರಂತೆ ಹಂಚಿಹೋಗಿವೆ. ಚಿಪ್‌ನ ಮೇಲಿನ ಟ್ರಾನ್ಸಿಸ್ಟರ್‌ಗಳ, ಎಂದರೆ ಅತಿಸೂಕ್ಷ್ಮ ವಿದ್ಯುತ್ ಸ್ವಿಚ್ಚುಗಳ, ಸಂಖ್ಯೆ ಕೂಡ ಎರಡರಲ್ಲೂ ಹತ್ತಿರ ಹತ್ತಿರ 1,200 ಕೋಟಿ. ಆದರೆ ಹಳೆಯ ಚಿಪ್ ಟಿಎಸ್‌ಎಂಸಿ ಎಂಬ ಚಿಪ್ ತಯಾರಿಕಾ ಕಂಪನಿಯ 16 ನ್ಯಾನೊಮೀಟರ್ ಎಂದು ಹೆಸರಿಸಲಾದ ವಿಧಾನದಲ್ಲಿ ತಯಾರಾಗಿ 471 ಚದರ ಮಿಲಿಮೀಟರ್ ವಿಸ್ತಾರವಾಗಿದ್ದರೆ, ಹೊಸದು ಸ್ಯಾಮ್‌ಸಂಗ್‌ನ 8 ನ್ಯಾನೊಮೀಟರ್ ವಿಧಾನದಿಂದ 276 ಚದರ ಮಿಲಿಮೀಟರ್‌ಗೆ ಅಡಕವಾಗಿದೆ. ಹಳೆಯ ಕಾರ್ಡ್‌ನ ವಿದ್ಯುತ್ ಮಿತಿ 250 ವ್ಯಾಟ್, ಹೊಸದರದ್ದು 170 ವ್ಯಾಟ್.

ಇಷ್ಟೆಲ್ಲ ಹೋಲಿಕೆಯಿರುವ ಈ ಎರಡು ಕಾರ್ಡ್‌ಗಳನ್ನು 2010ರ ದಶಕದ ಕೊನೆಯ ವರ್ಷಗಳ ಸಾಂಪ್ರದಾಯಿಕ ಗೇಮ್‌ಗಳಲ್ಲಿ ಓಡಿಸಿದರೆ ಫಲಿತಾಂಶ ಸರಿಸುಮಾರು ಒಂದೇ ಬರುತ್ತದೆ, ಹಲವು ಗೇಮ್‌ಗಳಲ್ಲಿ ಹಳೆಯದೇ ಸ್ವಲ್ಪ ಮುಂದಿರುತ್ತದೆ. ನಾಲ್ಕು ವರ್ಷಗಳಲ್ಲಿ ಪ್ರತಿ ಕೋರ್‌ನ ಸಾಮರ್ಥ್ಯ ಒಂದಿಷ್ಟೂ ಬೆಳೆಯಲಿಲ್ಲವೇ ಎಂಬ ಅನುಮಾನ ಸಹಜವಾಗಿಯೇ ಏಳುತ್ತದೆ. ಬೆಳವಣಿಗೆ ಆಗಿದೆ, ಆದರೆ ಬಹುಪಾಲು ಬೇರೆ ದಿಕ್ಕಿನಲ್ಲಿ ಆಗಿದೆ: ಅದೇ ಕೆಲಸ ಸುಮಾರು ಮೂರನೇ ಎರಡು ಭಾಗದಷ್ಟು ವಿದ್ಯುತ್ತಿನಲ್ಲಿ, ಅರ್ಧಕ್ಕಿಂತ ಕಡಿಮೆ ಘೋಷಿತ ಬೆಲೆಯಲ್ಲಿ ನಡೆಯುತ್ತಿದೆ. ಜೊತೆಗೆ, 1,200 ಕೋಟಿ ಟ್ರಾನ್ಸಿಸ್ಟರ್‌ಗಳ ಬಂಡವಾಳವನ್ನು ಹೊಸ ಚಿಪ್ ಬೇರೆ ರೀತಿಯಲ್ಲಿ ಹೂಡಿದೆ. ವಸ್ತುಗಳ ಮೈಮೇಲೆ ಹೊದಿಸುವ ಚಿತ್ರಪಟಲಗಳನ್ನು, ಅಂದರೆ ಟೆಕ್ಸ್ಚರ್‌ಗಳನ್ನು, ಓದುವ ಘಟಕಗಳು ಹಳೆಯದರಲ್ಲಿ 224 ಇದ್ದರೆ ಹೊಸದರಲ್ಲಿ 112. ಸಿದ್ಧವಾದ ಪಿಕ್ಸೆಲ್‌ಗಳನ್ನು ಮೆಮೊರಿಗೆ ಬರೆಯುವ ಘಟಕಗಳು ಹಳೆಯದರಲ್ಲಿ 88, ಹೊಸದರಲ್ಲಿ 48. ಹಳೆಯ ಬಗೆಯ ಚಿತ್ರರಚನೆಗೆ ಬೇಕಾದ ಅಂಗಗಳನ್ನು ಹೀಗೆ ಕಡಿಮೆ ಮಾಡಿ, 2017ರ ಕಾರ್ಡ್‌ನಲ್ಲಿ ಇಲ್ಲವೇ ಇಲ್ಲದ ಎರಡು ಹೊಸ ಅಂಗಗಳಿಗೆ ಜಾಗ ಕೊಡಲಾಗಿದೆ. ಅವುಗಳ ವಿಚಾರಕ್ಕೆ ಬರುವ ಮೊದಲು, ಕಾರ್ಡ್‌ನ ಡಬ್ಬಿಯ ಮೇಲೆ ಅಚ್ಚಾಗುವ ಅಂಕಿಗಳು ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ ಎಂಬುದನ್ನು ನೋಡಬೇಕು.

ಅಂಥ ಅಂಕಿಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಟೆರಾಫ್ಲಾಪ್. ಸೆಕೆಂಡಿಗೆ ಒಂದು ಲಕ್ಷ ಕೋಟಿ ದಶಾಂಶ ಲೆಕ್ಕಗಳನ್ನು ಮಾಡುವ ಸಾಮರ್ಥ್ಯಕ್ಕೆ ಒಂದು ಟೆರಾಫ್ಲಾಪ್ ಎನ್ನುತ್ತಾರೆ. ಇದನ್ನು ಯಾರೂ ಓಡಿಸಿ ಅಳೆಯುವುದಿಲ್ಲ, ಗುಣಿಸಿ ಪಡೆಯುತ್ತಾರೆ: ಕೋರ್‌ಗಳ ಸಂಖ್ಯೆಯನ್ನು, ಸೆಕೆಂಡಿಗೆ ಎಷ್ಟು ಬಾರಿ ಚಿಪ್ ಮಿಡಿಯುತ್ತದೆ ಎಂಬ ಕ್ಲಾಕ್ ವೇಗದಿಂದ ಗುಣಿಸಿ, ಒಂದು ಮಿಡಿತದಲ್ಲಿ ಪ್ರತಿ ಕೋರ್ ಒಂದು ಗುಣಾಕಾರ ಮತ್ತು ಒಂದು ಸಂಕಲನವನ್ನು ಒಟ್ಟಿಗೆ ಮಾಡಬಲ್ಲದೆಂದು ಮತ್ತೆ ಎರಡರಿಂದ ಗುಣಿಸುತ್ತಾರೆ. 1080 ಟಿಐಗೆ 1582 ಮೆಗಾಹರ್ಟ್ಸ್ ವೇಗದಲ್ಲಿ ಇದು ಸುಮಾರು 11.3, 3060ಕ್ಕೆ 1777 ಮೆಗಾಹರ್ಟ್ಸ್ ವೇಗದಲ್ಲಿ ಸುಮಾರು 12.7 ಬರುತ್ತದೆ. ಪ್ರತಿಯೊಂದು ಕೋರ್‌ಗೂ ಪ್ರತಿಯೊಂದು ಮಿಡಿತದಲ್ಲೂ ಕೈತುಂಬ ಕೆಲಸವಿದ್ದರೆ ಮಾತ್ರ ತಲುಪಬಹುದಾದ ಗರಿಷ್ಠ ಮಿತಿ ಇದಾದ್ದರಿಂದ, ಒಂದೇ ರಚನೆಯ ಕಾರ್ಡ್‌ಗಳ ನಡುವೆ ಉಪಯುಕ್ತವಾದ ಈ ಅಳತೆ ತಲೆಮಾರು ಬದಲಾದೊಡನೆ ದಾರಿ ತಪ್ಪಿಸುತ್ತದೆ.

2010ರ ನವೆಂಬರ್‌ನ ಜಿಟಿಎಕ್ಸ್ 580 ಮತ್ತು 2012ರ ಮಾರ್ಚ್‌ನ ಜಿಟಿಎಕ್ಸ್ 680ರ ಉದಾಹರಣೆ ಈ ಮಾತನ್ನು ಸ್ಪಷ್ಟಪಡಿಸುತ್ತದೆ. ಕೋರ್‌ಗಳು 512ರಿಂದ 1536ಕ್ಕೆ, ಅಂದರೆ ಮೂರು ಪಟ್ಟಿಗೆ ಏರಿದವು. ಆದರೆ 580ರ ಕೋರ್‌ಗಳು ಚಿಪ್‌ನ ಉಳಿದ ಭಾಗದ ಎರಡರಷ್ಟು ವೇಗದಲ್ಲಿ, 1544 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದ್ದು, 680ರಲ್ಲಿ ಆ ಏರ್ಪಾಡನ್ನು ಕೈಬಿಟ್ಟು ಇಡೀ ಚಿಪ್ಪನ್ನು 1006 ಮೆಗಾಹರ್ಟ್ಸ್‌ಗೆ ತಂದದ್ದರಿಂದ ಟೆರಾಫ್ಲಾಪ್ ಲೆಕ್ಕ ಸುಮಾರು 1.6ರಿಂದ 3.1ಕ್ಕೆ, ಎಂದರೆ ಎರಡು ಪಟ್ಟಿಗೆ ಮಾತ್ರ ಏರಿತು. ಮೆಮೊರಿಯ ವೇಗವಂತೂ ಎರಡರಲ್ಲೂ ಸೆಕೆಂಡಿಗೆ 192 ಗಿಗಾಬೈಟ್‌ನಲ್ಲಿಯೇ ನಿಂತಿತು. ಕೊನೆಗೆ ಗೇಮ್‌ಗಳಲ್ಲಿ ಕಂಡ ಲಾಭ ಸುಮಾರು ಮೂರನೇ ಒಂದು ಭಾಗ. ಮೂರು ಪಟ್ಟು, ಎರಡು ಪಟ್ಟು, ಮೂರನೇ ಒಂದು ಭಾಗ ಎಂಬ ಈ ಮೂರೂ ಹೇಳಿಕೆಗಳು ಅವೇ ಎರಡು ಕಾರ್ಡ್‌ಗಳ ಬಗ್ಗೆ ಸತ್ಯವಾಗಿದ್ದು, ಬಳಕೆದಾರನಿಗೆ ಬೇಕಾದದ್ದು ಮೂರನೆಯದು ಮಾತ್ರ.

ಕೋರ್ ಎಂಬ ಪದದ ಎಣಿಕೆಯ ಕ್ರಮವೇ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಬಂದಿರುವುದು ಇನ್ನೂ ಆಳವಾದ ತೊಡಕು. ಗ್ರಾಫಿಕ್ಸ್ ಲೆಕ್ಕಗಳಲ್ಲಿ ದಶಾಂಶ ಸಂಖ್ಯೆಗಳದ್ದೇ ಮುಖ್ಯ ಪಾಲಾದರೂ, ಮೆಮೊರಿಯ ವಿಳಾಸ ಹುಡುಕುವಂಥ ಕೆಲಸಗಳಿಗೆ ಪೂರ್ಣಾಂಕಗಳ ಲೆಕ್ಕವೂ ಬೇಕು. ಪ್ರತಿ 100 ದಶಾಂಶ ಆದೇಶಗಳಿಗೆ ಸರಾಸರಿ 36ರಷ್ಟು ಪೂರ್ಣಾಂಕ ಆದೇಶಗಳು ಬರುತ್ತವೆ ಎಂದು 2018ರಲ್ಲಿ ಎನ್ವಿಡಿಯಾ ಹೇಳಿತ್ತು. 1080 ಟಿಐ ಸೇರಿರುವ ಪಾಸ್ಕಲ್ ರಚನೆಯಲ್ಲಿ ಒಂದೇ ಕೋರ್ ಎರಡೂ ಬಗೆಯ ಲೆಕ್ಕಗಳಿಗೆ ಸರದಿಯಲ್ಲಿ ದುಡಿಯಬೇಕಿತ್ತು. 2018ರ ಟ್ಯೂರಿಂಗ್ ರಚನೆಯಲ್ಲಿ ಪ್ರತಿ ಗುಂಪಿನಲ್ಲೂ 64 ಘಟಕಗಳನ್ನು ದಶಾಂಶಕ್ಕೆ, ಬೇರೆ 64 ಘಟಕಗಳನ್ನು ಪೂರ್ಣಾಂಕಕ್ಕೆ ಮೀಸಲಿಟ್ಟು, ದಶಾಂಶದವನ್ನು ಮಾತ್ರ ಕೋರ್ ಎಂದು ಎಣಿಸಲಾಯಿತು. 3060 ಸೇರಿರುವ, 2020ರ ಆಂಪಿಯರ್ ರಚನೆಯಲ್ಲಿ ಪೂರ್ಣಾಂಕದ ಘಟಕಗಳಿಗೂ ದಶಾಂಶ ಲೆಕ್ಕ ಕಲಿಸಲಾಯಿತಾದ್ದರಿಂದ ಎಣಿಕೆ ಒಮ್ಮೆಲೇ ಗುಂಪಿಗೆ 128 ಆಯಿತು, ಆದರೆ ಪೂರ್ಣಾಂಕದ ಕೆಲಸ ಬಂದಾಗಲೆಲ್ಲ ಆ ಎರಡನೆಯ ಅರ್ಧದ ಘಟಕಗಳು ದಶಾಂಶ ಲೆಕ್ಕವನ್ನು ಬಿಟ್ಟು ಅತ್ತ ಹೋಗಲೇಬೇಕು.

ಈ ಎಣಿಕೆಯ ಬದಲಾವಣೆಯ ಪರಿಣಾಮ 2018ರ ಆರ್‌ಟಿಎಕ್ಸ್ 2080 ಟಿಐ ಮತ್ತು 2020ರ ಆರ್‌ಟಿಎಕ್ಸ್ 3070 ಕಾರ್ಡ್‌ಗಳಲ್ಲಿ ಎದ್ದು ಕಾಣುತ್ತದೆ. ಮೊದಲನೆಯದರಲ್ಲಿ 4352 ಕೋರ್‌ಗಳಿದ್ದು ಸುಮಾರು 13.4 ಟೆರಾಫ್ಲಾಪ್, ಎರಡನೆಯದರಲ್ಲಿ 5888 ಕೋರ್‌ಗಳಿದ್ದು ಸುಮಾರು 20.3 ಟೆರಾಫ್ಲಾಪ್. ಕಾಗದದ ಮೇಲೆ ಹೊಸದು ಒಂದೂವರೆ ಪಟ್ಟು ಬಲಶಾಲಿಯಾಗಿ ಕಂಡರೂ ಗೇಮ್‌ಗಳಲ್ಲಿ ಎರಡೂ ಹೆಚ್ಚುಕಡಿಮೆ ಸರಿಸಮವಾಗಿ ಓಡುತ್ತವೆ. ಇತ್ತ 1080 ಟಿಐ ಮತ್ತು 3060ರ ವಿಷಯದಲ್ಲಿ, ಪೂರ್ಣಾಂಕದ ಕೆಲಸಕ್ಕೆ ದಶಾಂಶದ ಪಾಲನ್ನು ಬಿಟ್ಟುಕೊಡಬೇಕಾದ ಸ್ಥಿತಿ ಎರಡು ರಚನೆಗಳಲ್ಲೂ ಇರುವುದರಿಂದ, 3584 ಎಂಬ ಅಂಕಿ ಎರಡು ಕಡೆಯೂ ಬಹುಮಟ್ಟಿಗೆ ಒಂದೇ ತೂಕದ್ದಾಗಿದೆ. ನಡುವಿನ ಟ್ಯೂರಿಂಗ್ ತಲೆಮಾರಿನ ಕೋರನ್ನು ತಂದು ಈ ಎರಡರ ಪಕ್ಕದಲ್ಲಿಟ್ಟರೆ ಆ ಸಮತೆ ಮುರಿದುಬೀಳುತ್ತದೆ.

ಕೋರ್‌ಗಳು ಎಷ್ಟೇ ಚುರುಕಾಗಿದ್ದರೂ ಅವುಗಳಿಗೆ ದತ್ತಾಂಶ ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಸುಮ್ಮನೆ ಕಾಯುತ್ತವೆ. ಕೆರೆ ತುಂಬಿದ್ದರೂ ತೂಬು ಕಿರಿದಾಗಿದ್ದರೆ ಕೆಳಗಿನ ಗದ್ದೆಗಳಿಗೆ ನೀರು ಹರಿಯುವ ಪ್ರಮಾಣ ತೂಬಿನ ಅಳತೆಯನ್ನು ಮೀರಲಾರದು. ಕಾರ್ಡ್‌ನ ಮೆಮೊರಿ ಮತ್ತು ಚಿಪ್‌ನ ನಡುವೆ ಪ್ರತಿ ಸೆಕೆಂಡಿಗೆ ಹರಿಯಬಲ್ಲ ದತ್ತಾಂಶದ ಪ್ರಮಾಣವಾದ ಬ್ಯಾಂಡ್‌ವಿಡ್ತ್ ಅಂಥ ತೂಬಿನ ಅಳತೆ. 1080 ಟಿಐಯಲ್ಲಿ ಇದು ಸೆಕೆಂಡಿಗೆ 484 ಗಿಗಾಬೈಟ್, 3060ರಲ್ಲಿ 360. ಪಿಕ್ಸೆಲ್‌ಗಳು ನಾಲ್ಕು ಪಟ್ಟಾಗಿ 82,94,400ಕ್ಕೆ ಏರುವ 4ಕೆ ಪರದೆಯಲ್ಲಿ ಹಳೆಯ ಕಾರ್ಡ್ ತನ್ನ ಸಣ್ಣ ಮುನ್ನಡೆಯನ್ನು ಉಳಿಸಿಕೊಳ್ಳಲು ಈ ಅಗಲವಾದ ಹಾದಿ ಹಾಗೂ ಪಿಕ್ಸೆಲ್ ಬರೆಯುವ ಹೆಚ್ಚಿನ ಘಟಕಗಳು ಮುಖ್ಯ ಕಾರಣ. ಹೊಸ ತಲೆಮಾರುಗಳು ಬ್ಯಾಂಡ್‌ವಿಡ್ತ್‌ನ ಕೊರತೆಯನ್ನು ಚಿಪ್‌ನೊಳಗಿನ ಕ್ಯಾಶ್ ಮೆಮೊರಿಯನ್ನು ಹಿಗ್ಗಿಸಿ ತುಂಬಿಕೊಳ್ಳಲು ಯತ್ನಿಸುತ್ತಿವೆ: 2023ರ ಆರ್‌ಟಿಎಕ್ಸ್ 4060ರಲ್ಲಿ ಬ್ಯಾಂಡ್‌ವಿಡ್ತ್ 272 ಗಿಗಾಬೈಟ್‌ಗೆ ಇಳಿದಿದ್ದರೆ, ಎರಡನೆಯ ಹಂತದ ಕ್ಯಾಶ್ 3 ಮೆಗಾಬೈಟ್‌ನಿಂದ 24 ಮೆಗಾಬೈಟ್‌ಗೆ ಏರಿದೆ. ಪದೇಪದೇ ಬೇಕಾಗುವ ದತ್ತಾಂಶ ಚಿಪ್‌ನಲ್ಲಿಯೇ ಸಿಕ್ಕರೆ ಹೊರಗಿನ ಮೆಮೊರಿಗೆ ಹೋಗುವ ಪ್ರಮೇಯ ಕಡಿಮೆಯಾಗುತ್ತದೆ. ಫುಲ್ ಎಚ್‌ಡಿಯಲ್ಲಿ ಈ ಉಪಾಯ ಚೆನ್ನಾಗಿಯೇ ಫಲಿಸುತ್ತದೆ, ರೆಸಲ್ಯೂಶನ್ ಏರಿದಂತೆ ಕ್ಯಾಶ್‌ನಲ್ಲಿ ಹಿಡಿಸದ ದತ್ತಾಂಶ ಹೆಚ್ಚಾಗಿ ಅದರ ಪ್ರಯೋಜನ ಕುಗ್ಗುತ್ತದೆ.

ಹರಿವಿನ ವೇಗದಷ್ಟೇ ಮುಖ್ಯವಾದದ್ದು ಮೆಮೊರಿಯ ಒಟ್ಟು ಗಾತ್ರ, ಮತ್ತು ಇದರ ಪರಿಣಾಮ ಕಾರ್ಡ್ ಬಿಡುಗಡೆಯಾದ ದಿನದ ಪರೀಕ್ಷೆಗಳಲ್ಲಿ ಕಾಣಿಸದೆ ವರ್ಷಗಳ ನಂತರ ಕಾಣಿಸುತ್ತದೆ. 2080 ಟಿಐಯಲ್ಲಿ 11 ಗಿಗಾಬೈಟ್, ಅದಕ್ಕೆ ಸರಿಸಮನೆಂದು ಬಂದ 3070ರಲ್ಲಿ 8 ಗಿಗಾಬೈಟ್ ಮಾತ್ರ ಇತ್ತು. 2020ರ ಗೇಮ್‌ಗಳಿಗೆ ಎಂಟು ಧಾರಾಳವಾಗಿ ಸಾಕಾಗಿದ್ದರಿಂದ ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1ರಂಥ ಗೇಮ್‌ಗಳಲ್ಲಿ ಉನ್ನತ ಗುಣಮಟ್ಟದ ಟೆಕ್ಸ್ಚರ್‌ಗಳನ್ನು ಆರಿಸಿದರೆ ಎಂಟು ಗಿಗಾಬೈಟ್ ತುಂಬಿಹೋಗಿ, ಉಳಿದದ್ದನ್ನು ಕಂಪ್ಯೂಟರ್‌ನ ಸಾಮಾನ್ಯ ಮೆಮೊರಿಯಿಂದ ತರಿಸಿಕೊಳ್ಳುವ ಸ್ಥಿತಿ ಬಂದು, ಚಿತ್ರ ನಡುನಡುವೆ ತಡವರಿಸತೊಡಗಿತು. ಆಗ 3070ಕ್ಕಿಂತ ಎರಡು ವರ್ಷ ಹಳೆಯದಾದ 2080 ಟಿಐ ನೆಮ್ಮದಿಯಾಗಿ ಓಡಿತು. 3060ಕ್ಕೆ ಎನ್ವಿಡಿಯಾ 12 ಗಿಗಾಬೈಟ್ ಕೊಟ್ಟದ್ದು ಆ ಕಾರ್ಡ್‌ನ ಆಯುಷ್ಯವನ್ನು ಹಿಗ್ಗಿಸಿದ ನಿರ್ಧಾರವಾಗಿದ್ದು, ಅದರ ಉತ್ತರಾಧಿಕಾರಿಯಾದ 4060ರಲ್ಲಿ ಮತ್ತೆ ಎಂಟಕ್ಕೆ ಇಳಿದದ್ದನ್ನು ಹಿಂಜಿಗಿತವೆಂದೇ ಹೇಳಬೇಕು.

ತಡವರಿಕೆ ಎಂಬುದು ಅಳತೆಯ ವಿಧಾನಕ್ಕೇ ಸವಾಲೊಡ್ಡಿದ ಸಂಗತಿ. ಪರದೆಯ ಮೇಲೆ ಮೂಡುವ ಒಂದೊಂದು ಪೂರ್ಣ ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಒಂದು ಸೆಕೆಂಡಿನಲ್ಲಿ ಎಷ್ಟು ಫ್ರೇಮ್‌ಗಳು ಮೂಡಿದವೆಂಬ ಸರಾಸರಿಯೇ ಬಹುಕಾಲ ಕಾರ್ಡ್‌ಗಳ ಏಕೈಕ ಅಳತೆಗೋಲಾಗಿತ್ತು. ಆದರೆ 60 ಫ್ರೇಮ್‌ಗಳು ತಲಾ 16.7 ಮಿಲಿಸೆಕೆಂಡಿನಲ್ಲಿ ಸಮನಾಗಿ ಮೂಡಿದರೂ ಸರಾಸರಿ 60 ಬರುತ್ತದೆ. 59 ಫ್ರೇಮ್‌ಗಳು ತಲಾ 14.4 ಮಿಲಿಸೆಕೆಂಡಿನಲ್ಲಿ ಮೂಡಿ, ಉಳಿದ ಒಂದೇ ಒಂದು ಫ್ರೇಮ್ 150 ಮಿಲಿಸೆಕೆಂಡ್ ತೆಗೆದುಕೊಂಡರೂ ಸರಾಸರಿ ಅಷ್ಟೇ ಬರುತ್ತದೆ. ಮೊದಲನೆಯದು ನೀರು ಹರಿದಂತೆ ಕಾಣುತ್ತದೆ, ಎರಡನೆಯದರಲ್ಲಿ ಆಟಗಾರನ ಕಣ್ಣಿಗೆ ಹೊಡೆಯುವಂತೆ ಚಿತ್ರ ಒಮ್ಮೆ ಗಕ್ಕನೆ ನಿಲ್ಲುತ್ತದೆ. 2011ರಲ್ಲಿ ದಿ ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವಾಸನ್ ಒಂದೊಂದು ಫ್ರೇಮ್‌ಗೆ ತಗುಲಿದ ಸಮಯವನ್ನೇ ಅಳೆದು ಪ್ರಕಟಿಸತೊಡಗಿದ ನಂತರ ಈ ಲೋಪ ಎಲ್ಲರಿಗೂ ಮನವರಿಕೆಯಾಯಿತು, ಮತ್ತು ಇಂದು ಗಂಭೀರವಾದ ಪರೀಕ್ಷಕರೆಲ್ಲರೂ ಸರಾಸರಿಯ ಜೊತೆಗೆ ಅತ್ಯಂತ ನಿಧಾನವಾದ ಶೇ. 1ರಷ್ಟು ಫ್ರೇಮ್‌ಗಳ ವೇಗವನ್ನೂ ಕೊಡುತ್ತಾರೆ. ಹಳೆಯ ಮತ್ತು ಹೊಸ ಕಾರ್ಡ್‌ಗಳ ಸರಾಸರಿಗಳು ಒಂದೇ ಆಗಿದ್ದಾಗ ನಿಜವಾದ ಅಂತರ ಈ ಎರಡನೆಯ ಅಂಕಿಯಲ್ಲಿ ಅಡಗಿರುವುದುಂಟು. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಫ್ರೇಮ್‌ಗೆ ಬೇಕಾದ ಆದೇಶಗಳನ್ನು ಸಿದ್ಧಪಡಿಸಿಕೊಡುವ ಸಿಪಿಯು ನಿಧಾನವಾಗಿದ್ದರೆ ಎರಡೂ ಕಾರ್ಡ್‌ಗಳು ಅದಕ್ಕಾಗಿ ಕಾಯುತ್ತ ಕೂರುವುದರಿಂದ, ಎಷ್ಟೇ ಅಂತರವಿರುವ ಕಾರ್ಡ್‌ಗಳೂ ಸಮಾನವೆಂಬಂತೆ ಕಾಣುತ್ತವೆ.

ಹೊಸದು ಹಳೆಯದಕ್ಕಿಂತ ಹಿಂದೆ ಬೀಳುವ ಪ್ರಸಂಗಗಳೂ ಇವೆ. ಎಎಂಡಿ ಕಂಪನಿ 2017ರ ಏಪ್ರಿಲ್‌ನಲ್ಲಿ ತಂದ ರೇಡಿಯಾನ್ ಆರ್‌ಎಕ್ಸ್ 580 ಮತ್ತು 2022ರ ಜನವರಿಯಲ್ಲಿ ತಂದ ಆರ್‌ಎಕ್ಸ್ 6500 ಎಕ್ಸ್‌ಟಿ ಇದಕ್ಕೆ ತಕ್ಕ ನಿದರ್ಶನ. ಹೊಸದರ ಟ್ರಾನ್ಸಿಸ್ಟರ್‌ಗಳು ಬಹಳ ಸೂಕ್ಷ್ಮ, ಕ್ಲಾಕ್ ವೇಗ ಹಳೆಯದರ ಸುಮಾರು ಎರಡರಷ್ಟು, ವಿದ್ಯುತ್ ಬಳಕೆ 185 ವ್ಯಾಟ್‌ನಿಂದ 107 ವ್ಯಾಟ್‌ಗೆ ಇಳಿದಿದೆ. ಆದರೆ ಬ್ಯಾಂಡ್‌ವಿಡ್ತ್ 256 ಗಿಗಾಬೈಟ್‌ನಿಂದ 144ಕ್ಕೆ ಕುಸಿದಿದ್ದು, 580ರಲ್ಲಿ 8 ಗಿಗಾಬೈಟ್ ಮೆಮೊರಿಯ ಮಾದರಿಯೂ ದೊರೆಯುತ್ತಿದ್ದರೆ 6500 ಎಕ್ಸ್‌ಟಿ ಬಂದದ್ದು ನಾಲ್ಕರೊಂದಿಗೆ. ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಡೆ ಇದೆ. ಕಾರ್ಡನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ಸಂಪರ್ಕದಲ್ಲಿ 580 ಹದಿನಾರು ಸಾಲುಗಳನ್ನು ಬಳಸಿದರೆ 6500 ಎಕ್ಸ್‌ಟಿ ನಾಲ್ಕನ್ನು ಮಾತ್ರ ಬಳಸುತ್ತದೆ. ನಾಲ್ಕನೆಯ ಆವೃತ್ತಿಯ ಮದರ್‌ಬೋರ್ಡ್‌ನಲ್ಲಿ ಆ ನಾಲ್ಕು ಸಾಲುಗಳು ಸೆಕೆಂಡಿಗೆ ಸುಮಾರು 8 ಗಿಗಾಬೈಟ್ ಸಾಗಿಸುತ್ತವೆ, ಮೂರನೆಯ ಆವೃತ್ತಿಯದರಲ್ಲಿ ಸುಮಾರು 4 ಮಾತ್ರ. ನಾಲ್ಕು ಗಿಗಾಬೈಟ್ ಮೆಮೊರಿ ತುಂಬಿ ಹೊರಗಿನಿಂದ ತರಿಸಿಕೊಳ್ಳುವ ಸಂದರ್ಭ ಬಂದಾಗ ಈ ಇಕ್ಕಟ್ಟಾದ ದಾರಿಯಲ್ಲಿ ಕಾರ್ಡ್ ಏದುಸಿರು ಬಿಡುತ್ತದೆ, ಐದು ವರ್ಷ ಹಳೆಯ 580 ಅದನ್ನು ಹಿಂದಿಕ್ಕುತ್ತದೆ. ಕಡಿಮೆ ಬೆಲೆಯ ಕಾರ್ಡನ್ನು ಹುಡುಕುವವರ ಬಳಿಯೇ ಹಳೆಯ ಮದರ್‌ಬೋರ್ಡ್‌ಗಳಿರುವ ಸಂಭವ ಹೆಚ್ಚಾದ್ದರಿಂದ, ಈ ಕಾರ್ಡ್ ಯಾರಿಗಾಗಿ ಬಂದಿತೋ ಅವರಿಗೇ ಅತಿ ಕಡಿಮೆ ಉಪಯೋಗಕ್ಕೆ ಬಂದಿತು. ಇದೇ ಸಾಲಿನಲ್ಲಿ ಎನ್ವಿಡಿಯಾದ ಜಿಟಿ 1030ರ ಪ್ರಕರಣ ಇನ್ನೂ ಖೇದಕರ: 2017ರಲ್ಲಿ 48 ಗಿಗಾಬೈಟ್ ಬ್ಯಾಂಡ್‌ವಿಡ್ತ್‌ನೊಂದಿಗೆ ಬಂದ ಕಾರ್ಡ್, ಮರುವರ್ಷ ಅಗ್ಗದ ಮೆಮೊರಿ ತೊಡಿಸಿ 16.8 ಗಿಗಾಬೈಟ್‌ಗೆ ಇಳಿಸಿದ ಮೇಲೂ ಅದೇ ಹೆಸರಿನಲ್ಲಿ ಮಾರಾಟವಾಯಿತು. ಸಣ್ಣ ಅಕ್ಷರಗಳನ್ನು ಓದದ ಗ್ರಾಹಕನಿಗೆ ಇದರಿಂದ ಆದ ಅನ್ಯಾಯ ಚಿಕ್ಕದಲ್ಲ.

ಈಗ 3060ರಲ್ಲಿರುವ, 1080 ಟಿಐಯಲ್ಲಿಲ್ಲದ ಅಂಗಗಳ ವಿಚಾರ. ಮೊದಲನೆಯದು ರೇ ಟ್ರೇಸಿಂಗ್ ಘಟಕ. ಬೆಳಕಿನ ಕಿರಣ ಎಲ್ಲಿಂದ ಹೊರಟು, ಯಾವ ವಸ್ತುವಿಗೆ ತಾಗಿ, ಎತ್ತ ಪ್ರತಿಫಲಿಸುತ್ತದೆ ಎಂಬುದನ್ನು ಬೆನ್ನಟ್ಟಿ ಲೆಕ್ಕಹಾಕಿ ನೆರಳು ಮತ್ತು ಪ್ರತಿಬಿಂಬಗಳನ್ನು ಮೂಡಿಸುವ ವಿಧಾನವನ್ನು ಟರ್ನರ್ ವಿಟೆಡ್ 1980ರಷ್ಟು ಹಿಂದೆಯೇ ವಿವರಿಸಿದ್ದರೂ, ಒಂದೊಂದು ಕಿರಣಕ್ಕೂ ದೃಶ್ಯದ ಲಕ್ಷಾಂತರ ತ್ರಿಕೋನಗಳಲ್ಲಿ ಯಾವುದಕ್ಕೆ ತಾಗಿತೆಂದು ಹುಡುಕಬೇಕಾದ್ದರಿಂದ ಅದು ಗೇಮ್‌ಗಳಿಗೆ ಎಟುಕದೆ ಉಳಿದಿತ್ತು. ದೃಶ್ಯವನ್ನು ಡಬ್ಬಿಯೊಳಗೆ ಡಬ್ಬಿಯಂತೆ ವಿಂಗಡಿಸಿಟ್ಟು, ಕಿರಣ ತಾಗದ ಡಬ್ಬಿಗಳನ್ನು ತೆರೆಯದೆಯೇ ಬಿಟ್ಟು ಮುಂದೆ ಸಾಗುವ ಈ ಹುಡುಕಾಟವನ್ನು 2018ರಿಂದ ಎನ್ವಿಡಿಯಾ ಪ್ರತ್ಯೇಕ ಯಂತ್ರಾಂಶಕ್ಕೆ ಒಪ್ಪಿಸಿದೆ. 3060ರಲ್ಲಿ ಅಂಥ 28 ಘಟಕಗಳಿವೆ. 2019ರಲ್ಲಿ ಡ್ರೈವರ್ ಎಂಬ ತಂತ್ರಾಂಶದ ಮೂಲಕ 1080 ಟಿಐಗೂ ರೇ ಟ್ರೇಸಿಂಗ್ ಸಾಧ್ಯವಾಗಿಸಿದರೂ, ಸಾಮಾನ್ಯ ಕೋರ್‌ಗಳೇ ಆ ಹುಡುಕಾಟವನ್ನೂ ಮಾಡಬೇಕಾಗಿ ಬಂದು ವೇಗ ಆಡಲಾಗದ ಮಟ್ಟಕ್ಕೆ ಕುಸಿಯಿತು. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಅಂಡ್ ದಿ ಗ್ರೇಟ್ ಸರ್ಕಲ್ ಗೇಮ್‌ನ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿಯೇ ರೇ ಟ್ರೇಸಿಂಗ್ ಯಂತ್ರಾಂಶ ಸೇರಿಕೊಂಡಿತು. ಹೋಲಿಕೆಯ ಅರ್ಥವೇ ಇಲ್ಲಿ ಬದಲಾಗುತ್ತದೆ: ಒಂದು ಕಾರ್ಡ್ ಎಷ್ಟು ಹಿಂದಿದೆ ಎಂಬ ಪ್ರಶ್ನೆ ಹೋಗಿ, ಅದು ಕಣದಲ್ಲಿದೆಯೋ ಇಲ್ಲವೋ ಎಂಬ ಪ್ರಶ್ನೆ ಬರುತ್ತದೆ.

2023ರ ಅಕ್ಟೋಬರ್‌ನಲ್ಲಿ ಬಂದ ಅಲನ್ ವೇಕ್ 2 ಇನ್ನೊಂದು ಬಗೆಯ ಪಾಠ. ದೃಶ್ಯದ ತ್ರಿಕೋನಗಳನ್ನು ಸಣ್ಣ ಸಣ್ಣ ಗೊಂಚಲುಗಳಾಗಿ ವಿಂಗಡಿಸಿ, ಕಣ್ಣಿಗೆ ಬೀಳದ ಗೊಂಚಲುಗಳನ್ನು ಮೊದಲೇ ಕೈಬಿಡುವ ಮೆಶ್ ಶೇಡರ್ ಎಂಬ ಸೌಲಭ್ಯವನ್ನು ಈ ಗೇಮ್ ನೆಚ್ಚಿಕೊಂಡಿತ್ತು. ಪಾಸ್ಕಲ್ ಕಾರ್ಡ್‌ಗಳಲ್ಲಿ ಆ ಸೌಲಭ್ಯ ಇಲ್ಲದ್ದರಿಂದ, ಹಳೆಯ ಗೇಮ್‌ಗಳಲ್ಲಿ 3060ಕ್ಕೆ ಹೆಗಲೆಣೆಯಾಗಿದ್ದ 1080 ಟಿಐ ಇಲ್ಲಿ ಬಹಳ ಹಿಂದೆ ಬಿತ್ತು. 2024ರ ಮಾರ್ಚ್‌ನಲ್ಲಿ ಗೇಮ್ ತಯಾರಕರು ಹಳೆಯ ಕಾರ್ಡ್‌ಗಳಿಗಾಗಿ ಸುಧಾರಿತ ಆವೃತ್ತಿಯನ್ನು ಹೊರತಂದಾಗ ಅದೇ ಕಾರ್ಡ್‌ನ ವೇಗ ಗಣನೀಯವಾಗಿ ಏರಿತು. ಕಾರ್ಡ್‌ನಲ್ಲಿ ಒಂದು ಟ್ರಾನ್ಸಿಸ್ಟರ್ ಕೂಡ ಬದಲಾಗದೆ ಅಂಕಿಗಳು ಮಾತ್ರ ಬದಲಾದವು.

ಎರಡನೆಯ ಹೊಸ ಅಂಗವಾದ ಟೆನ್ಸರ್ ಕೋರ್ ಸಂಖ್ಯೆಗಳ ಕೋಷ್ಟಕಗಳನ್ನು, ಗಣಿತದ ಭಾಷೆಯಲ್ಲಿ ಮಾತೃಕೆಗಳನ್ನು, ಇಡಿಯಾಗಿ ಗುಣಿಸಲೆಂದೇ ರೂಪಿಸಿದ ಘಟಕ; 3060ರಲ್ಲಿ ಅವು 112 ಇವೆ. ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬಿಡಿಸಿ, ಕಲಿತ ನರಜಾಲದ ನೆರವಿನಿಂದ ಅದನ್ನು ದೊಡ್ಡದಾಗಿಸುವ ಡಿಎಲ್‌ಎಸ್‌ಎಸ್ ತಂತ್ರ ಇವುಗಳ ಮೇಲೆ ನಿಂತಿದೆ. 1080 ಟಿಐಗೆ ಈ ಬಾಗಿಲು ಮುಚ್ಚಿದ್ದರೂ, 2021ರಲ್ಲಿ ಎಎಂಡಿ ತಂದ ಎಫ್‌ಎಸ್‌ಆರ್ ಎಂಬ ಪರ್ಯಾಯ ಪ್ರತಿಸ್ಪರ್ಧಿಯ ಹಳೆಯ ಕಾರ್ಡ್‌ಗಳಲ್ಲೂ ಓಡುವಂತಿದ್ದು, ಅವುಗಳ ಬಳಕೆಯ ಅವಧಿ ಹಿಗ್ಗಲು ನೆರವಾಯಿತು. ಡಿಎಲ್‌ಎಸ್‌ಎಸ್ ಮುಂದೆ ಎರಡು ನಿಜವಾದ ಫ್ರೇಮ್‌ಗಳ ನಡುವೆ ಊಹಿಸಿ ಬಿಡಿಸಿದ ಫ್ರೇಮ್‌ಗಳನ್ನು ಸೇರಿಸುವ ಹಂತಕ್ಕೆ ಬೆಳೆಯಿತು, ಮತ್ತು ಅಲ್ಲಿಂದ ಹೋಲಿಕೆಯ ಅಂಕಿಗಳು ಹಳಿ ತಪ್ಪಿದವು. 2025ರ ಜನವರಿಯಲ್ಲಿ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ 549 ಡಾಲರ್‌ನ ಆರ್‌ಟಿಎಕ್ಸ್ 5070 ಹಿಂದಿನ ತಲೆಮಾರಿನ ಆರ್‌ಟಿಎಕ್ಸ್ 4090ರ ಸಾಧನೆಯನ್ನು ಕೊಡುತ್ತದೆಂದು ವೇದಿಕೆಯ ಮೇಲೆ ಘೋಷಿಸಿದರು. 4090ರಲ್ಲಿ 16384 ಕೋರ್‌ಗಳು ಮತ್ತು 24 ಗಿಗಾಬೈಟ್ ಮೆಮೊರಿ ಇದ್ದು, 5070ರಲ್ಲಿರುವುದು 6144 ಕೋರ್‌ಗಳು ಮತ್ತು 12 ಗಿಗಾಬೈಟ್. ಒಂದು ನಿಜ ಫ್ರೇಮ್‌ಗೆ ಮೂರು ಊಹಿತ ಫ್ರೇಮ್‌ಗಳನ್ನು ಸೇರಿಸುವ ಹೊಸ ಕಾರ್ಡ್‌ನ ಎಣಿಕೆಯನ್ನು, ಒಂದನ್ನು ಮಾತ್ರ ಸೇರಿಸಬಲ್ಲ ಹಳೆಯದರ ಎಣಿಕೆಯ ಪಕ್ಕದಲ್ಲಿಟ್ಟಾಗ ಮಾತ್ರ ಆ ಸಮತೆ ಹೊಮ್ಮುತ್ತದೆ. ಊಹಿತ ಫ್ರೇಮ್ ಚಲನೆಯನ್ನು ನಯಗೊಳಿಸುತ್ತದೆ ಎಂಬುದು ನಿಜ. ಆದರೆ ಆಟಗಾರ ಗುಂಡಿ ಒತ್ತಿದ್ದಕ್ಕೆ ಉತ್ತರ ಸಿಗುವುದು ನಿಜವಾದ ಫ್ರೇಮ್‌ನಲ್ಲಿ ಮಾತ್ರವಾದ್ದರಿಂದ, ಎರಡನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸುವುದು ಅಳತೆಯ ಶಿಸ್ತಿಗೆ ಒಪ್ಪುವ ಕ್ರಮವಲ್ಲ.

ಗೇಮ್‌ಗಳ ಆಚೆಗೆ ಬಂದರೆ ಈ ಜೋಡಿಯ ಸಮತೆ ಪೂರ್ತಿಯಾಗಿ ಕರಗುತ್ತದೆ. ಅನಿಮೇಷನ್ ಮತ್ತು ಜಾಹೀರಾತು ಕ್ಷೇತ್ರಗಳಲ್ಲಿ ಬಳಕೆಯಲ್ಲಿರುವ ಬ್ಲೆಂಡರ್ ತಂತ್ರಾಂಶದ ಒಂದು ಮುಖ್ಯ ಚಿತ್ರರಚನಾ ವಿಧಾನ ಬೆಳಕಿನ ಕಿರಣಗಳ ಲೆಕ್ಕವನ್ನೇ ಅವಲಂಬಿಸಿದ್ದು, ಅಲ್ಲಿ 3060 ತನ್ನ ರೇ ಟ್ರೇಸಿಂಗ್ ಘಟಕಗಳ ಬಲದಿಂದ 1080 ಟಿಐಯ ಎರಡು ಪಟ್ಟಿಗೂ ಹೆಚ್ಚು ವೇಗವಾಗಿ ಕೆಲಸ ಮುಗಿಸುತ್ತದೆ. ನರಜಾಲಗಳನ್ನು ಓಡಿಸುವ ಕೆಲಸದಲ್ಲಿ ಟೆನ್ಸರ್ ಕೋರ್‌ಗಳಿಂದಾಗಿ ಅಂತರ ಹಿಗ್ಗುತ್ತದೆ. ಕನ್ನಡದ ಅಕ್ಷರ ಗುರುತಿಸುವಿಕೆ, ಮಾತನ್ನು ಬರಹಕ್ಕಿಳಿಸುವಿಕೆಯಂಥ ಪ್ರಯೋಗಗಳನ್ನು ಸ್ವಂತ ಕಂಪ್ಯೂಟರ್‌ನಲ್ಲಿ ನಡೆಸಬಯಸುವ ವಿದ್ಯಾರ್ಥಿಗೆ 3060ರ 12 ಗಿಗಾಬೈಟ್ ಮತ್ತು ಆ 112 ಘಟಕಗಳು ಗೇಮ್‌ಗಳ ಯಾವ ಪಟ್ಟಿಯಲ್ಲೂ ಕಾಣದ ಬೆಲೆಯುಳ್ಳವು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಹಳೆಯ ಕಾರ್ಡ್‌ಗಳ ಕೈಬದಲಾವಣೆ ನಿತ್ಯದ ವಹಿವಾಟು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ ಗ್ರಾಫಿಕ್ಸ್ ಕಾರ್ಡ್‌ಗಳಿಂದ ಲೆಕ್ಕ ಮಾಡಿಸುವ ಪದ್ಧತಿಯನ್ನು ಕೈಬಿಟ್ಟ ಮೇಲೆ, ಹಗಲಿರುಳು ದುಡಿದಿದ್ದ ಕಾರ್ಡ್‌ಗಳು ಜಗತ್ತಿನಾದ್ಯಂತ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಹರಿದುಬಂದವು. ಬಳಸಿದ ಮಾತ್ರಕ್ಕೆ ಚಿಪ್ ವರ್ಷದಿಂದ ವರ್ಷಕ್ಕೆ ನಿಧಾನವಾಗುವುದಿಲ್ಲ. ಆದರೆ ಚಿಪ್ ಮತ್ತು ಲೋಹದ ತಣಿಸುವ ಭಾಗದ ನಡುವಿನ ಥರ್ಮಲ್ ಪೇಸ್ಟ್ ಒಣಗಿ, ಫ್ಯಾನ್‌ನ ಬೇರಿಂಗ್ ಸವೆದು, ಧೂಳು ತುಂಬಿ ಶಾಖ ಏರಿದಾಗ, ಕಾರ್ಡ್ ತನ್ನನ್ನು ಕಾಪಾಡಿಕೊಳ್ಳಲು ಕ್ಲಾಕ್ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಹೊಸ ಪೇಸ್ಟ್ ಹಚ್ಚಿ ಸ್ವಚ್ಛಗೊಳಿಸಿದ ಕಾರ್ಡ್ ಕಳೆದುಹೋದ ವೇಗವನ್ನು ಮರಳಿ ಪಡೆಯುವುದು ಇದೇ ಕಾರಣಕ್ಕೆ. ವಿದ್ಯುತ್ತಿನ ಲೆಕ್ಕವನ್ನೂ ಬಿಡುವಂತಿಲ್ಲ: ದಿನಕ್ಕೆ ನಾಲ್ಕು ಗಂಟೆ ಪೂರ್ಣ ಹೊರೆಯಲ್ಲಿ ಓಡಿಸಿದರೆ ನಮ್ಮ ಜೋಡಿಯ 80 ವ್ಯಾಟ್ ಅಂತರ ವರ್ಷಕ್ಕೆ ಸುಮಾರು 117 ಯೂನಿಟ್ ಆಗುತ್ತದೆ.

ಕಾರ್ಡ್ ಮತ್ತು ಗೇಮ್‌ನ ನಡುವೆ ದುಭಾಷಿಯಾಗಿ ನಿಲ್ಲುವ ತಂತ್ರಾಂಶವಾದ ಡ್ರೈವರ್ ಈ ಹೋಲಿಕೆಯ ಕೊನೆಯ ಅಂಶ. ಹೊಸ ಗೇಮ್ ಬಂದಾಗಲೆಲ್ಲ ಅದಕ್ಕೆ ತಕ್ಕ ತಿದ್ದುಪಡಿಗಳನ್ನು ಡ್ರೈವರ್‌ನಲ್ಲಿ ಸೇರಿಸುವುದು ಕಂಪನಿಗಳ ವಾಡಿಕೆ. 2025ರ ಆಗಸ್ಟ್‌ನಲ್ಲಿ ಬಂದ ಕೂಡಾ 13 ಪಾಸ್ಕಲ್ ರಚನೆಗೆ ಬೆಂಬಲವನ್ನು ಕೈಬಿಟ್ಟಿತು. ಎನ್ವಿಡಿಯಾದ ಈ ಕೂಡಾ ವ್ಯವಸ್ಥೆ ಚಿಪ್ಪನ್ನು ಸಾಮಾನ್ಯ ಲೆಕ್ಕಗಳಿಗೆ ಬಳಸಲು ನೆರವಾಗುವಂಥದ್ದು. ಅದೇ ವರ್ಷದ ಅಕ್ಟೋಬರ್‌ಗೆ ಆ ತಲೆಮಾರಿನ ಗೇಮ್ ಡ್ರೈವರ್‌ಗಳ ಸುಧಾರಣೆಯನ್ನೂ ನಿಲ್ಲಿಸಿ, 2028ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿಗಳನ್ನು ಮಾತ್ರ ಕೊಡುವುದಾಗಿ ಕಂಪನಿ ತಿಳಿಸಿತು. ಹೀಗಾಗಿ 2026ರಲ್ಲಿ ಅಥವಾ ಆಮೇಲೆ ಬರುವ ಗೇಮ್‌ನಲ್ಲಿ 1080 ಟಿಐ ಮತ್ತು 3060ನ್ನು ಅಕ್ಕಪಕ್ಕ ಇಟ್ಟು ಪರೀಕ್ಷಿಸುವವರು ಆ ಗೇಮ್‌ಗಾಗಿ ಹದಗೊಳ್ಳದ ಡ್ರೈವರ್ ಒಂದು ಕಡೆ, ಇನ್ನೂ ತಿದ್ದುಪಡಿಯಾಗುತ್ತಿರುವ ಡ್ರೈವರ್ ಇನ್ನೊಂದು ಕಡೆ ಇರುವ ಸ್ಥಿತಿಯಲ್ಲಿ ಅಳೆಯಬೇಕಾಗುತ್ತದೆ. ಆಗ ಕಾಣುವ ಅಂತರದಲ್ಲಿ ಸಿಲಿಕಾನ್‌ನ ಪಾಲೆಷ್ಟು, ತಂತ್ರಾಂಶದ ಆರೈಕೆಯ ಪಾಲೆಷ್ಟು ಎಂದು ಬಿಡಿಸಿ ಹೇಳಬೇಕಾದರೆ, ಡ್ರೈವರ್‌ನ ಆವೃತ್ತಿಯನ್ನೂ ದಿನಾಂಕವನ್ನೂ ಅಂಕಿಗಳ ಜೊತೆಯಲ್ಲಿಯೇ ನಮೂದಿಸಬೇಕಾಗುತ್ತದೆ.